ಮುಗಿಯದ ಸಾಲು

ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಹಿತ್ತಿಲ ತಂತಿಯ ಮೇಲೆ ಸೀರೆ ಒಣಹಾಕುತ್ತಿದ್ದಾಗ, ಯಮುನಕ್ಕನ ದೇಹ ಕೈಬಿಟ್ಟಿತು. ಮೆದುಳಿನ ಬುಡದಲ್ಲಿ ಒಂದು ರಕ್ತನಾಳ ಕಟ್ಟಿಕೊಂಡಿತೆಂದು ಡಾಕ್ಟರರು ಆಮೇಲೆ ಹೇಳಿದರು. ಎಚ್ಚರವಾದಾಗ ಕಿವಿ ಕೇಳುತ್ತಿತ್ತು. ಅರೆತೆರೆದ ಕಣ್ಣಿನೆದುರಿಗೆ ಬಂದದ್ದು ಕಾಣುತ್ತಿತ್ತು. ಮನಸ್ಸು ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು. ಆದರೆ ಕಿರುಬೆರಳಿನ ಒಂದು ಗೆಣ್ಣು ಕೂಡ ಆಕೆಯ ಮಾತು ಕೇಳುತ್ತಿರಲಿಲ್ಲ. ರೆಪ್ಪೆಗಳು ತಮ್ಮಷ್ಟಕ್ಕೆ ತಾವು ಅದುರುತ್ತಿದ್ದವು. ಹಾಗಾಗಿ "ಹೌದಾದ್ರ ಒಮ್ಮೆ ಕಣ್ಣು ಮುಚ್ಚರಿ" ಎಂಬ ಪರೀಕ್ಷೆಯಲ್ಲಿ ಆಕೆ ಪ್ರತಿ ಸಲವೂ ನಪಾಸಾದಳು.

ನೋಡಲು ಬಂದವರು ಮಂಚದ ಪಕ್ಕದಲ್ಲೇ ನಿಂತು, "ಪಾಪ, ಏನೂ ತಿಳಿಯೂದಿಲ್ಲ ಅವರಿಗೆ" ಎನ್ನುತ್ತಿದ್ದರು. ಯಮುನಕ್ಕನಿಗೆ ಎಲ್ಲವೂ ತಿಳಿಯುತ್ತಿತ್ತು. ಯಾರ ಸೀರೆಗೆ ಡಾಂಬರಗುಳಿಗೆಯ ವಾಸನೆ ಇದೆ, ಯಾರು ಹೊರಡುವ ಆತುರದಲ್ಲಿದ್ದಾರೆ ಎಂಬುದು ಕೂಡ.

ಹೀಗೆ ಏಳು ತಿಂಗಳು. ಆಕೆಯನ್ನು ನೋಡಿಕೊಂಡವಳು ತಮ್ಮನ ಹೆಂಡತಿ ಕುಮುದಾ. ತಮ್ಮ ರಾಘು ತೀರಿಕೊಂಡು ಏಳು ವರ್ಷವಾಗಿತ್ತು. ಯಮುನಕ್ಕ ಮದುವೆಯಾದವಳಲ್ಲ. ಧಾರವಾಡದ ಆ ಮನೆಯಲ್ಲಿ ಇಬ್ಬರೇ ಹೆಂಗಸರು ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡು, ಒಂದೇ ಪತ್ರಿಕೆಯನ್ನು ಹಂಚಿಕೊಂಡು ಓದುತ್ತ, ಸಣ್ಣ ಸಣ್ಣದಕ್ಕೆ ಜಗಳಾಡುತ್ತ ಇದ್ದರು. ಹಗಲು ನಾಲ್ಕು ತಾಸು ಫಕೀರವ್ವ ಎಂಬ ಆಯಾ ಬರುತ್ತಿದ್ದಳು. ಯಮುನಕ್ಕನನ್ನು ಮುಟ್ಟುವ ಮೊದಲು ಅವಳು ಎರಡೂ ಅಂಗೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಂಟನೆಯ ತಿಂಗಳಲ್ಲಿ ಊರ ಹೊರಗಿನ ನರವಿಜ್ಞಾನ ಸಂಶೋಧನಾಲಯದಿಂದ ಕರೆ ಬಂತು. ದೇಹ ಸೋತರೂ ಬೆರಳು ಆಡಿಸಬೇಕೆಂಬ ಆಸೆ ಮೆದುಳಿನಲ್ಲಿ ಉಳಿದಿರುತ್ತದೆ. ಆ ಆಸೆಯನ್ನೇ ಓದಿ ಮಾತಾಗಿಸುವ ಒಂದು ತಲೆಪಟ್ಟಿಯನ್ನು ಅಲ್ಲಿ ತಯಾರಿಸಿದ್ದರು.

ಪಟ್ಟಿಯ ಕೆಲಸ ನೋಡುತ್ತಿದ್ದವಳು ತಬಸ್ಸುಮ್ ಮುಲ್ಲಾ ಎಂಬ ಇಂಜಿನಿಯರ್. ಅವಳು ಗಾಲಿಕುರ್ಚಿಯ ಎದುರು ಮಂಡಿಯೂರಿ ಕುಳಿತು, "ಅಜ್ಜಿ, ನಾ ತಬಸ್ಸುಮ್. ನಿಮ್ಮ ಕೈ ಹಿಡಕೋಬೇಕು, ಹಿಡಕೊಳ್ಳಲ್ರೀ?" ಎಂದಳು. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದರೂ ಸ್ವಲ್ಪ ಹೊತ್ತು ಕಾದಳು. ಆಮೇಲೆಯೇ ಹಿಡಿದಳು. ಏಳು ತಿಂಗಳಲ್ಲಿ ಯಾರೂ ಯಮುನಕ್ಕನ ಅಪ್ಪಣೆ ಕೇಳಿರಲಿಲ್ಲ.

"ಐದು ಬೆರಳಿನ ಆಸೆ ಅಷ್ಟ ನಮಗ ಸ್ವಚ್ಛ ಓದಾಕ ಬರತೈತ್ರಿ ಕಾಕೂ," ಎಂದು ಅವಳು ಕುಮುದಾಗೆ ವಿವರಿಸಿದಳು. "ಐದರಾಗ ಎಲ್ಲಾ ಅಕ್ಷರ ಕುಂದ್ರಸಬೇಕು. ನಾ ಒಂದು ಹಳೇ ತಾರ್ ಲಿಪಿ ಹುಡಿಕಿ ತೆಗದೇನಿ. ಕಾಗದದ ಪಟ್ಟಿ ಮ್ಯಾಲೆ ಐದು ತೂತಿನ ಜಾಗಾ, ಹೆಬ್ಬೆರಳಿಂದ ಹಿಡದು ಬೆರಳಿಗೊಂದು. ಯಾವ ತೂತು ಬಿದ್ದಾವು, ಯಾವು ಬಿದ್ದಿಲ್ಲ ಅನ್ನೂದರ ಮ್ಯಾಲೆ ಅಕ್ಷರ."

ಕುಮುದಾ ಬಿದ್ದು ಬಿದ್ದು ನಕ್ಕಳು. "ಅಯ್ಯ, ನಮ್ಮಕ್ಕಗ ಅದನ್ನ ಕಲಸ್ಲಿಕ್ಕೆ ಹೊಂಟೀರೇನು? ಹುಬ್ಬಳ್ಳಿ ತಾರ್ ಆಫೀಸನ್ಯಾಗ ಮೂವತ್ತೊಂದು ವರ್ಷ ಟೆಲಿಪ್ರಿಂಟರ್ ಮ್ಯಾಲೆ ಕೂತಾಕಿ ಅಕಿ. ತೂತಿನ ಪಟ್ಟಿ ಬೆಳಕಿಗೆ ಹಿಡದು ನಮಗ ಓದಿ ತೋರಸ್ತಿದ್ಲು."

ತಬಸ್ಸುಮ್ ಯಮುನಕ್ಕನ ಕಡೆ ತಿರುಗಿದಳು. "ಹಂಗಾದ್ರ ಅಜ್ಜಿನ ನನಗ ಕಲಸಬೇಕು," ಎಂದಳು.

ಬರೆದ ಅಕ್ಷರಗಳನ್ನು ಗಟ್ಟಿಯಾಗಿ ನುಡಿಯುವ ಕಂಪ್ಯೂಟರ್ ಪ್ರೋಗ್ರಾಮು ಮಾತ್ರ ಹಳೆಯ ಹಟಮಾರಿಯಂತೆ. ಎದುರಿಗೆ ಟರ್ಮಿನಲ್ ಇದ್ದರೆ ಮಾತ್ರ ಅದು ಬಾಯಿ ಬಿಡುತ್ತಿತ್ತು.

"ಟರ್ಮಿನಲ್ ಅಂದ್ರ?" ಎಂದಳು ಕುಮುದಾ.

"ಒಂದು ಕೀಬೋರ್ಡು, ಒಂದು ಪರದೆ. ಅಲ್ಲಿ ಮನಷ್ಯಾ ಕುಂತಾನಂತ ಅದಕ್ಕ ಖಾತ್ರಿ ಆಗಬೇಕ್ರಿ. ಅಜ್ಜಿ ಹಂತ್ಯಾಕ ಕೀಬೋರ್ಡ್ ಇಲ್ಲ. ಅದಕ್ಕ ನಾವು ಒಂದು ಹುಸಿ ಟರ್ಮಿನಲ್ ಇಡತೇವಿ. ಅದಕ್ಕ ಎರಡು ತುದಿ. ಒಂದು ಪ್ರೋಗ್ರಾಮಿನ ಕಡೆ, ಅದರ ಕಣ್ಣಿಗೆ ಥೇಟ್ ಖರೇ ಟರ್ಮಿನಲ್. ಇನ್ನೊಂದು ಅಜ್ಜಿ ತಲೆಪಟ್ಟಿ ಕಡೆ."

"ಅಂದ್ರ ಮೋಸ."

"ಮೋಸಾನ ಮತ್ತ. ಎಲ್ಲಾ ಕಂಪ್ಯೂಟರಿನ್ಯಾಗೂ ದಿನಾ ನಡಿಯೂ ಮೋಸ. ಇನ್ನ ನಡುವ ಒಬ್ಬ ಗುಮಾಸ್ತ ಅದಾನಂತ ತಿಳೀರಿ. ಅಕ್ಷರ ಬಂದಂಗ ಬರಕೊಂತಾನ. ಬರಕೊಂಡದ್ದನ್ನ ಬರದವ್ರಿಗೇ ತಿರಗಿ ತೋರಸ್ತಾನ, ಅದು ಅಜ್ಜಿಗೆ ನಾವು ಹಾಕೂ ಚಷ್ಮಾದಾಗ ಕಾಣತೈತಿ. ತಪ್ಪಾದ್ರ ಒಂದೊಂದ ಅಕ್ಷರ ಅಳಸ್ತಾನ. ಸಾಲು ಮುಗೀತು ಅಂತ ಹೇಳಿದಾಗಷ್ಟ ಪೂರಾ ಸಾಲನ್ನ ಆ ಕಡೆ ದಾಟಸ್ತಾನ. ಅರ್ಧಾ ಸಾಲು ಮಾತ್ರ ಯಾವತ್ತೂ ಕೊಡೂದಿಲ್ಲ, ಏನ ಮಾಡಿದ್ರೂ."

ಕಂಪ್ಯೂಟರಿನವರು ಆ ತುದಿಗೆ ಇವತ್ತಿಗೂ 'ಟಿಟಿವೈ' ಎನ್ನುತ್ತಾರೆ, ಟೆಲಿಟೈಪ್ ಯಂತ್ರದ ಹೆಸರು ಹಾಗೇ ಉಳಿದುಕೊಂಡಿದೆ ಎಂದೂ ತಬಸ್ಸುಮ್ ಹೇಳಿದಳು. ಯಂತ್ರಗಳನ್ನು ಗುಜರಿಗೆ ಹಾಕಿದ ದಿನ ಕಣ್ಣೀರು ಹಾಕಿದ್ದ ಯಮುನಕ್ಕನಿಗೆ, ಹೆಸರಾದರೂ ಬದುಕಿದೆಯಲ್ಲ ಎಂದು ಸಮಾಧಾನವಾಯಿತು.

ಸಾಲು ಮುಗಿಸುವುದಕ್ಕೆ ಉಂಗುರಬೆರಳು ಒಂದೇ ಸಾಕು ಎಂದು ಕಲಿಸಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯಬೇಕು, ಪ್ರೋಗ್ರಾಮು ಅದನ್ನು ಕನ್ನಡವಾಗಿ ನುಡಿಯುತ್ತದೆ. ತಾರಿನವರಿಗೆ ಇದೇನೂ ಹೊಸದಲ್ಲ. ಹದಿನೇಳು ದಿನ ಅಭ್ಯಾಸವಾದ ಮೇಲೆ ಒಂದು ಬೆಳಗ್ಗೆ ಲ್ಯಾಬಿನ ಯಂತ್ರ ಮೊದಲ ಸಲ ಬಾಯಿ ತೆರೆಯಿತು. "ಕುಮುದಾ, ತಲಿ ಬಾಚಿಕೋ" ಎಂದಿತು.

ಕುಮುದಾ ಕೆದರಿದ ತಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಏಳು ತಿಂಗಳಿಂದ ಅವಳಿಗೆ ತನ್ನ ತಲೆಯ ನೆನಪೇ ಇರಲಿಲ್ಲ.

ಸಂಶೋಧನಾಲಯದ ಮುಖ್ಯಸ್ಥ ಡಾಕ್ಟರ್ ಉಪ್ಪಿನ ಒಳ್ಳೆಯ ಮನುಷ್ಯ. ಆದರೆ ತಲೆಪಟ್ಟಿ ಇದ್ದದ್ದು ಒಂದೇ. "ಹತ್ತು ದಿನ ಮನ್ಯಾಗ ಇದು ನಡೀತಂದ್ರ ಇನ್ನೂ ಎರಡು ಪಟ್ಟಿಗೆ ಮಂಜೂರಾತಿ ಸಿಗ್ತದ. ಇದು ಇವರ ಹತ್ರಾನ ಉಳೀತದ. ನಡೀಲಿಲ್ಲಂದ್ರ ಗದಗದಾಗ ಒಬ್ಬ ನೇಕಾರ ಇದೇ ಸ್ಥಿತ್ಯಾಗ ಮಲಗ್ಯಾನ, ಮೂವತ್ನಾಕು ವರ್ಷದಾಂವ. ಇದ್ದ ಒಂದನ್ನ ಅವಗ ಕೊಟ್ಟು ನೋಡಬೇಕಾಗ್ತದ," ಎಂದರು. ಹೊರಡುವಾಗ ಕುಮುದಾಳನ್ನು ಬಾಗಿಲ ಆಚೆ ಕರೆದು ಇನ್ನೂ ಏನೋ ಹೇಳಿದರು. ಅದು ಯಮುನಕ್ಕನಿಗೆ ಕೇಳಿಸಲಿಲ್ಲ.

ಮನೆಗೆ ಬಂದದ್ದು ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ, ತಲೆಪಟ್ಟಿ, ಮತ್ತು ಅಕ್ಷರ ಕಾಣುವ ಚಷ್ಮಾ. ಧ್ವನಿ ಹೊರಗೆ ಬರುವುದಿಲ್ಲ. ಕುಮುದಾ ಕಿವಿಗೆ ಸಿಕ್ಕಿಸಿಕೊಳ್ಳುವ ಒಂದು ಸಣ್ಣ ಗುಂಡಿಯಲ್ಲಿ ಬರುತ್ತದೆ. ಅಡಿಗೆಮನೆಯಲ್ಲಿದ್ದರೂ ಅವಳಿಗೆ ಕೇಳಲಿ ಎಂದು ಈ ಏರ್ಪಾಡು. ಪಟ್ಟಿಯನ್ನು ಹತ್ತು ದಿನ ಬಿಚ್ಚುವ ಹಾಗಿರಲಿಲ್ಲ. ಒಂದು ತುದಿ ಮುಚ್ಚಿತೆಂದರೆ ನಡುವಿನದೆಲ್ಲ ಅಳಿಸಿ ಹೋಗುತ್ತದೆ ಎಂದು ತಬಸ್ಸುಮ್ ಎಚ್ಚರಿಸಿದ್ದಳು.

ಮೊದಲ ದಿನ ಯಮುನಕ್ಕ ಬರೆದಳು: 'ಚಹಾ ಬ್ಯಾಡ. ಗಾಳಿ ಬರ್ತದ. ಕಿಟಕಿ ಹಾಕು.' ಒಂದು ಅಕ್ಷರಕ್ಕೆ ಒಂದು ನಿಮಿಷ. ಒಮ್ಮೆ ಬರೆದರೆ ಬಾವಿಯಿಂದ ಹತ್ತು ಕೊಡ ನೀರು ಸೇದಿದಷ್ಟು ದಣಿವು. ಕೊನೆಗೆ ಉಂಗುರಬೆರಳು. ಚಷ್ಮಾದಲ್ಲಿ ಮುಂದಿನ ಅಕ್ಷರದ ಜಾಗ ತೋರಿಸುವ ಮಿನುಗುವ ಗುರುತು ಓಡಿಹೋಗಿ ಎಡತುದಿಯಲ್ಲಿ ನಿಂತಿತು. ಲ್ಯಾಬಿನಲ್ಲಿ ಸಾಲು ಮೇಲಕ್ಕೆ ಸರಿಯುತ್ತಿತ್ತು. ಇಲ್ಲಿ ಸರಿಯದೆ ಅಲ್ಲೇ ನಿಂತಿತ್ತು, ಮುಂದಿನ ಮಾತು ಬರೆದಂತೆಲ್ಲ ಹೊಸ ಅಕ್ಷರಗಳು ಹಳೆಯ ಅಕ್ಷರಗಳ ಮೇಲೆಯೇ ಕುಳಿತು ಅವನ್ನು ಮುಚ್ಚಿದವು. ಮನೆಯ ಪೆಟ್ಟಿಗೆಯ ರೀತಿಯೇ ಹೀಗಿರಬೇಕು ಎಂದುಕೊಂಡಳು.

ಕುಮುದಾ ಕಿಟಕಿ ಹಾಕಲಿಲ್ಲ. ಕಿವಿಯಲ್ಲಿ ಗುಂಡಿ ಇಟ್ಟುಕೊಂಡೇ ಎದುರಿಗೆ ಕುಳಿತು, "ಅಕ್ಕಾ, ಎದುರಿನ ಮನಿಯವರು ಮತ್ತ ಸುಣ್ಣಾ ಬಣ್ಣಾ ಹಚ್ಚಸ್ಲಿಕ್ಕತ್ತಾರ. ಈ ಸಲ ಗುಲಾಬಿ. ಐಸ್ಕ್ರೀಮ್ ಅಂಗಡಿ ಹಂಗ ಕಾಣ್ತದ," ಎಂದು ನಕ್ಕಳು. ಮರೆತಿರಬಹುದು ಎಂದುಕೊಂಡು ಯಮುನಕ್ಕ ಮತ್ತೆ ಬರೆದಳು.

ಎರಡನೆಯ ದಿನ, ಮೂರನೆಯ ದಿನ, ನಾಲ್ಕನೆಯ ದಿನವೂ ಹೀಗೇ ಆಯಿತು. ಎಡಗಾಲಿನ ಕೆಳಗೆ ದಿಂಬು ಒತ್ತುತ್ತದೆ ಎಂದಳು. ಫಕೀರವ್ವಗೆ ನನ್ನ ಹಸಿರು ಇಳಕಲ್ ಸೀರೆ ಕೊಡು ಎಂದಳು. ಚಷ್ಮಾದಲ್ಲಿ ಪ್ರತಿ ಅಕ್ಷರವೂ ಮೂಡಿ ಬರುತ್ತಿತ್ತು. ಕಣ್ಣಿಗೆ ಕಂಡದ್ದು ಹೋಗದೆ ಇರುವುದುಂಟೆ? ಕುಮುದಾ ಯಾವುದನ್ನೂ ಮಾಡಲಿಲ್ಲ. ಯಾಕೆ ಮಾತಾಡುವುದಿಲ್ಲ ಎಂದೂ ಕೇಳಲಿಲ್ಲ. ತಾನಾಡಿದ್ದು ಅವಳಿಗೆ ಕೇಳಿಸದಿದ್ದರೆ ಯಾಕೆಂದು ವಿಚಾರಿಸಿಯೇ ವಿಚಾರಿಸುತ್ತಿದ್ದಳಲ್ಲ? ಮೌನವಾಗಿರುವುದನ್ನು ಕುಮುದಾ ಹುಟ್ಟಿನಿಂದಲೇ ಕಲಿತವಳಲ್ಲ. ಹಾಗಾದರೆ ಕೇಳುತ್ತಿದೆ. ಕೇಳಿಯೂ ಸುಮ್ಮನಿದ್ದಾಳೆ. ಏಳು ತಿಂಗಳ ಸೇವೆಗೆ ಬೇಸತ್ತಿರಬೇಕು. ಮಾತಿಲ್ಲದ ಹೆಣ ಮಾತಾಡುವ ಹೆಣಕ್ಕಿಂತ ಹಗುರವೇನೋ.

ಆರನೆಯ ದಿನ ಹೊತ್ತೇರಿದ ಮೇಲೆ ಕಿಟಕಿಯ ಗಾಜಿನಿಂದ ಬಿಸಿಲು ನೇರ ಯಮುನಕ್ಕನ ಕಣ್ಣಿಗೆ ಬೀಳುತ್ತಿತ್ತು. ಸತತ ಮೂರನೆಯ ದಿನ. ಮುಚ್ಚಲಾರದ ಕಣ್ಣುಗಳಿಂದ ನೀರು ಹರಿಯುತ್ತಿತ್ತು. 'ಪರದೆ' ಎಂದು ಬರೆದಳು. ಮತ್ತೆ 'ಪರದೆ' ಎಂದಳು. ಕುಮುದಾ ಪಕ್ಕದಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತ, ಯಾರದೋ ಸೀಮಂತದ ಸುದ್ದಿ ಹೇಳುತ್ತ, ಆಗಾಗ ಸೆರಗಿನಿಂದ ಅಕ್ಕನ ಕಣ್ಣೊರೆಸಿದಳು. ಪರದೆ ಎಳೆಯಲಿಲ್ಲ.

ಆಗ ಯಮುನಕ್ಕ ಏಳು ವರ್ಷ ನಾಲಗೆಯ ಕೆಳಗೆ ಒತ್ತಿ ಹಿಡಿದಿದ್ದ ಮಾತನ್ನು ಬರೆದಳು.

'ರಾಘು ಸತ್ತಾಗೂ ನೀ ಹಿಂಗ ಕಿವುಡಾಗಿದ್ದಿ. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅವಾ ನಿದ್ದ್ಯಾಗ ಹೋಗಲಿಲ್ಲ. ನಿನ್ನ ಹೆಸರು ಹಿಡದು ಕೂಗಿಕೋತ ಹೋದ.'

ಬರೆಯಲು ಎರಡು ತಾಸಿಗೂ ಹೆಚ್ಚು ಹಿಡಿಯಿತು. ಎರಡು ತಾಸಿನಲ್ಲಿ ಸಿಟ್ಟು ಇಳಿಯಬೇಕಾಗಿತ್ತು. ಇಳಿಯಲಿಲ್ಲ. ಕುಮುದಾ ಆ ದಿನ ಮಾವನ ಮಗಳ ಮದುವೆಗೆಂದು ಬೆಳಗಾವಿಗೆ ಹೋಗಿದ್ದಳು. ಬ್ಯಾಂಡಿನ ಸದ್ದಿನಲ್ಲಿ ಫೋನು ಕೇಳಿಸಿರಲಿಲ್ಲ, ಅಷ್ಟೆ. ಮರಳಿ ಬಂದವಳ ಮುಖ ನೋಡಿ ಯಮುನಕ್ಕ, "ನಿದ್ದ್ಯಾಗ ಹೋದ, ತಾಯಿ. ತ್ರಾಸಾಗಲಿಲ್ಲ," ಎಂದಿದ್ದಳು. ಆಮೇಲೆ ಆ ಸುಳ್ಳನ್ನು ಮಗುವಿನ ಹಾಗೆ ಕಾಪಾಡಿಕೊಂಡು ಬಂದಿದ್ದಳು.

ಉಂಗುರಬೆರಳಿನ ಆಸೆ ಮಾಡಿದಳು. ಗುರುತು ಎಡಕ್ಕೆ ಓಡಿತು. ಯಮುನಕ್ಕ ಕುಮುದಾಳ ಮುಖ ನೋಡುತ್ತ ಕಾದಳು.

ಕುಮುದಾ ಅವರೆಕಾಳಿನ ಬುಟ್ಟಿ ಎತ್ತಿಕೊಂಡು ಎದ್ದಳು. "ಸಂಜೀಕ ಹುಳಿ ಮಾಡ್ತೀನಿ. ನಿನಗೂ ಸೋಸಿ ನಾಕು ಚಮಚಾ ಕೊಡ್ತೀನಿ," ಎಂದಳು. ಮರುದಿನ ಬೆಳಗ್ಗೆ ತಲೆ ಬಾಚಿ, ಸಣ್ಣದೊಂದು ಅಬ್ಬಲಿಗೆ ಮಾಲೆ ಮುಡಿದು ಬಂದು, ಎಣ್ಣೆ ಬಿಸಿ ಮಾಡಿ ಅಕ್ಕನ ಅಂಗಾಲು ತಿಕ್ಕಿದಳು. ಬೆರಳ ಸಂದು ಸಂದಿಗೂ ತಿಕ್ಕಿದಳು.

ಆ ಮಾತು ಕೇಳಿಯೂ ಕಾಲು ತಿಕ್ಕುತ್ತಿದ್ದಾಳೆ! ಯಮುನಕ್ಕನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಮುಖ ತಿರುಗಿಸಲು ಕತ್ತಿಲ್ಲ, ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ. ತನ್ನ ನಾಚಿಕೆಯನ್ನು ಎಲ್ಲಿ ಅಡಗಿಸಿಡಬೇಕು? ಏಳು, ಎಂಟು, ಒಂಬತ್ತನೆಯ ದಿನ ಆಕೆ ಬರೆದದ್ದೆಲ್ಲ ಒಂದೇ. 'ತಪ್ಪಾಯ್ತು. ಸಿಟ್ಟಿನ್ಯಾಗ ಬರದೆ. ನಿನ್ನಂಥಾಕಿ ಸಿಗೂದಿಲ್ಲ.' ಹೀಗೇ ಬೇರೆ ಬೇರೆ ರೀತಿಯಲ್ಲಿ, ಮೈಯಲ್ಲಿ ಕಸುವಿರುವವರೆಗೆ.

ಒಂಬತ್ತನೆಯ ದಿನ ಸಂಜೆ 'ತಪ್ಪಾ' ಎಂದು ಬರೆದು ಮುಂದಿನ ಅಕ್ಷರಕ್ಕೆ ಬೆರಳು ಕೂಡಿಸಿದಾಗ ಚಷ್ಮಾದಲ್ಲಿ ಏನೂ ಮೂಡಲಿಲ್ಲ. ಬದಲಿಗೆ ಕಿವಿಯ ಹತ್ತಿರ, ಚಷ್ಮಾದ ಕಡ್ಡಿಯಲ್ಲಿ, 'ಟಿಣ್' ಎಂದು ಸಣ್ಣ ಗಂಟೆಯ ಸದ್ದಾಯಿತು. ಮತ್ತೆ ಪ್ರಯತ್ನಿಸಿದಳು. ಟಿಣ್. ಬೇರೆ ಅಕ್ಷರ. ಟಿಣ್. ಒಂದು ಅಕ್ಷರ ಅಳಿಸಿ ನೋಡಿದಳು, ಅಳಿಸಿತು. ಬರೆದಳು, ಮೂಡಿತು. ಇನ್ನೊಂದು ಬರೆದಳು. ಟಿಣ್.

ಏನೋ ತುಂಬಿದೆ. ಇನ್ನು ಒಂದಕ್ಕೂ ಜಾಗವಿಲ್ಲ.

ಯಮುನಕ್ಕ ಬಹಳ ಹೊತ್ತು ಆ ಒಂದು ವಿಚಾರವನ್ನೇ ಹಿಡಿದುಕೊಂಡಿದ್ದಳು. ಸಾಲುಗಳು ಆಚೆ ದಾಟಿ ಹೋಗಿದ್ದರೆ ಏನು ತುಂಬಬೇಕು? ಹರಿದುಹೋಗುವ ನೀರಿಗೆ ತೊಟ್ಟಿ ತುಂಬುವುದಿಲ್ಲ. ನಡುವಿನ ಗುಮಾಸ್ತ ಒಂಬತ್ತು ದಿನದ ಅಕ್ಷರಗಳನ್ನೂ ಬರೆದುಕೊಂಡಿದ್ದಾನೆ, ಆಕೆಗೇ ತಿರುಗಿಸಿ ತೋರಿಸಿದ್ದಾನೆ, ಒಂದನ್ನೂ ಆಚೆ ಕೊಟ್ಟಿಲ್ಲ. ಕುಮುದಾಗೆ ಏನೂ ಕೇಳಿಲ್ಲ! ಕಿಟಕಿಯ ಮಾತು, ದಿಂಬಿನ ಮಾತು, ರಾಘುವಿನ ಮಾತು, ಯಾವುದೂ ಕೇಳಿಲ್ಲ.

ಮೊದಲು ಬಂದದ್ದು ಸಂತೋಷ. ಕುಮುದಾ ತನ್ನನ್ನು ಕಡೆಗಣಿಸಿರಲಿಲ್ಲ, ಆ ಸುಳ್ಳು ಇನ್ನೂ ಒಡೆದಿಲ್ಲ. ಅದರ ಹಿಂದೆಯೇ ಭಯ ಬಂತು. ಹಾಗಾದರೆ ಹೊರಗಿನವರ ಪಾಲಿಗೆ ತಾನು ಒಂಬತ್ತು ದಿನ ಒಂದಕ್ಷರವೂ ಆಡಿಲ್ಲ. ನಾಳೆ ಹತ್ತನೆಯ ದಿನ.

ಬೆಳಗ್ಗೆ ಹತ್ತೂವರೆಗೆ ಡಾಕ್ಟರ್ ಉಪ್ಪಿನ, ತಬಸ್ಸುಮ್ ಇಬ್ಬರೂ ಬಂದರು. ತಬಸ್ಸುಮ್ ಮಂಚದ ಪಕ್ಕ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಡಾಕ್ಟರರಿಗೆ ಕುಮುದಾ ಚಹಾ ತಂದಳು.

"ಬೆರಳಿನ ಸಿಗ್ನಲ್ ದಿನಾ ಬಂದಾವ್ರಿ ಸರ್. ಸಾವಿರಾರು ಬಂದಾವು. ಸಾಲು ಮಾತ್ರ ಒಂದೂ ಬಂದಿಲ್ಲ," ಎಂದಳು ತಬಸ್ಸುಮ್.

"ಎಚ್ಚರ ತಪ್ಪಿದವರ ಮೆದುಳಿನಿಂದಾನೂ ಸಿಗ್ನಲ್ ಬರ್ತಾವಮ್ಮಾ. ಲ್ಯಾಬಿಂದ ಬಂದ ಮ್ಯಾಲೆ ಇನ್ನೊಂದು ಸಣ್ಣ ಸ್ಟ್ರೋಕ್ ಆಗಿರಬೇಕು." ಡಾಕ್ಟರರು ಕುಮುದಾ ಕಡೆ ತಿರುಗಿದರು. "ನೀವು ನಾ ಹೇಳಿದಂಗ ಒತ್ತಾಯ ಮಾಡ್ಲಿಲ್ಲಲ್ರೀ?"

"ಇಲ್ರೀ ಸರ್. ಮಾತಾಡು ಅಂತ ಒಮ್ಮೆನೂ ಅನ್ನಲಿಲ್ಲ. ಕೇಳಿದ್ರ ಅಕಿ ಮನಸ್ಸಿಗೆ ಭಾರ ಆದೀತು ಅಂದಿದ್ರಲ್ಲ? ಅದಕ್ಕ ಸುಮ್ಮನ ನಗ್ಯಾಡಕೋತ ಇದ್ದೆ." ಕುಮುದಾ ಸೆರಗಿನ ತುದಿಯನ್ನು ಮಡಿಚಿದಳು, ಬಿಚ್ಚಿದಳು. "ಒಳಗ ಹೋ‌ಗಿ ಅತ್ತು ಬರ್ತಿದ್ದೆ."

ಇದಾಗಿತ್ತು ಅಂದು ಬಾಗಿಲ ಆಚೆ ಹೇಳಿದ ಮಾತು. ಎಷ್ಟು ಪ್ರೀತಿಯಿಂದ ತನ್ನನ್ನು ಗೋಡೆಯೊಳಗಿಟ್ಟು ಕಟ್ಟಿಬಿಟ್ಟಿದ್ದಾರೆ, ಎಂದುಕೊಂಡಳು ಯಮುನಕ್ಕ.

"ಚಹಾ ಮುಗಿಸ್ತೀನಿ, ಆಮ್ಯಾಲೆ ಬಿಚ್ಚೋಣು," ಎಂದರು ಡಾಕ್ಟರರು. ಅವರಿಗೂ ಆತುರವಿರಲಿಲ್ಲ. ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತ ಕುಳಿತಿದ್ದರು.

ಒಂದೂ ಸಾಲು ಬಂದಿಲ್ಲ. ಯಾಕೆ? ಯಮುನಕ್ಕ ಎರಡು ಅಕ್ಷರ ಅಳಿಸಿ ಜಾಗ ಮಾಡಿಕೊಂಡು ಉಂಗುರಬೆರಳಿನ ಆಸೆ ಮಾಡಿದಳು. ಗುರುತು ಎಡತುದಿಗೆ ಓಡಿತು, ಅಲ್ಲೇ ನಿಂತಿತು. ಹಳೆಯ ಟೆಲಿಪ್ರಿಂಟರಿನಲ್ಲಿ ಅಕ್ಷರ ಒತ್ತುವ ಗಾಡಿ ಎಡಕ್ಕೆ ಬಂದು ನಿಲ್ಲುತ್ತಿದ್ದಂತೆಯೇ. ಅಲ್ಲಿ ಇದೊಂದೇ ಸಾಲುತ್ತಿರಲಿಲ್ಲ. ಗಾಡಿಯನ್ನು ಎಡಕ್ಕೆ ತರುವ ಗುಂಡಿ ಬೇರೆ, ಕಾಗದವನ್ನು ಒಂದು ಸಾಲು ಮೇಲಕ್ಕೆ ಉರುಳಿಸುವ ಗುಂಡಿ ಬೇರೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಎರಡನೆಯದನ್ನು ಮರೆಯುತ್ತಿದ್ದರು. ಇಡೀ ತಂತಿ ಸಂದೇಶ ಒಂದೇ ಸಾಲಿನ ಮೇಲೆ ಬಡಿದು ಬಡಿದು ಕಪ್ಪು ಮಸಿಯಾಗುತ್ತಿತ್ತು. ಎಷ್ಟು ಹುಡುಗಿಯರಿಗೆ ತಾನೇ ಬೈದಿದ್ದಳು!

ಒಂಬತ್ತು ದಿನ ಗಾಡಿ ಎಡಕ್ಕೆ ಬಂದಿದೆ, ಕಾಗದ ಉರುಳಿಲ್ಲ. ಗುಮಾಸ್ತನ ಲೆಕ್ಕದಲ್ಲಿ ಇದು ಇನ್ನೂ ಮುಗಿಯದ ಮೊದಲನೆಯ ಸಾಲು.

ತೂತಿನ ಲಿಪಿಯಲ್ಲಿ ಎಡಕ್ಕೆ ತರುವುದು ನಾಲ್ಕನೆಯ ತೂತು, ಅದು ಉಂಗುರಬೆರಳು. ಕಾಗದ ಉರುಳಿಸುವುದು ಎರಡನೆಯ ತೂತು. ಅಂದರೆ ತೋರುಬೆರಳು, ಅದೊಂದೇ. ತಬಸ್ಸುಮ್ ಹಳೆಯ ಲಿಪಿಯನ್ನು ನಿಷ್ಠೆಯಿಂದ ಇಳಿಸಿದ್ದರೆ ಅದು ಅಲ್ಲಿರಲೇಬೇಕು.

ತೋರುಬೆರಳಿನ ಆಸೆ ಮಾಡಹೊರಟವಳು ತಡೆದಳು.

ಕಾಗದ ಉರುಳಿದರೆ ಇಡೀ ಸಾಲು ಹೋಗುತ್ತದೆ. ಆರನೆಯ ದಿನದ ಮಾತೂ ಹೋಗುತ್ತದೆ. ಅಳಿಸಬೇಕೆಂದರೆ ಕೊನೆಯಿಂದ ಒಂದೊಂದೇ ಅಕ್ಷರ ಅಳಿಸುತ್ತ ಬರಬೇಕು. ಆ ಮಾತಿನ ಮೇಲೆ ಮೂರು ದಿನದ ಕ್ಷಮಾಪಣೆ ಕುಳಿತಿದೆ, ಸಾವಿರದ ಮೇಲೆ ಅಕ್ಷರ. ಕ್ಷಮೆ ಕೇಳಿದಷ್ಟೂ ಆ ಮಾತನ್ನು ಆಳಕ್ಕೆ ಹೂತಿದ್ದಳು. ಅಗೆದು ತೆಗೆಯಲು ಇನ್ನೂ ಮೂರು ದಿನ ಬೇಕು. ಇಡೀ ಸಾಲನ್ನು ಒಮ್ಮೆಗೇ ಒರೆಸುವ ಸಂಜ್ಞೆಯನ್ನು ತಬಸ್ಸುಮ್ ಬೇಕೆಂದೇ ಇಟ್ಟಿರಲಿಲ್ಲ. ಕಷ್ಟಪಟ್ಟು ಬರೆದದ್ದು ಕೈತಪ್ಪಿ ಹೋಗದಿರಲಿ ಎಂಬ ಕಾಳಜಿ ಅವಳದು.

ಸುಮ್ಮನಿದ್ದರೆ? ಪಟ್ಟಿ ಬಿಚ್ಚುತ್ತಾರೆ, ಸಾಲು ಅಳಿಯುತ್ತದೆ. ರಾಘು ನಿದ್ದೆಯಲ್ಲೇ ಹೋದವನಾಗಿ ಉಳಿಯುತ್ತಾನೆ. ಕುಮುದಾ ನೆಮ್ಮದಿಯಿಂದಿರುತ್ತಾಳೆ. ತಾನು ಇದೇ ಮಂಚದ ಮೇಲೆ, ಇದೇ ಬಿಸಿಲಿನಲ್ಲಿ, ಇನ್ನು ಎಷ್ಟು ವರ್ಷವೋ. ಒಂದು ಕ್ಷಣ ಯಮುನಕ್ಕನಿಗೆ ಅದೂ ಆದೀತು ಎನಿಸಿತು. ಆಮೇಲೆ ಗದಗದ ನೇಕಾರ ನೆನಪಾದ. ಇದೇ ಪೆಟ್ಟಿಗೆ ಅವನ ಮನೆಗೆ ಹೋಗುತ್ತದೆ. ಅವನಿಗೂ ಉಂಗುರಬೆರಳು ಒಂದೇ ಸಾಕು ಎಂದು ಕಲಿಸುತ್ತಾರೆ. ತಾರ್ ಆಫೀಸಿನ ಎರಡು ಗುಂಡಿ ಅವನಿಗೆ ಹೇಗೆ ಗೊತ್ತಿರಬೇಕು? ತನ್ನವರು ಕೇಳಿಯೂ ಕೇಳದಂತಿದ್ದಾರೆ ಎಂದುಕೊಂಡು ಅವನೂ ಏನೇನು ಬರೆದಾನು.

ಡಾಕ್ಟರರು ಖಾಲಿ ಕಪ್ಪನ್ನು ಕೆಳಗಿಟ್ಟು ಎದ್ದರು. ತಬಸ್ಸುಮ್ ಮೊದಲಿನ ಹಾಗೆಯೇ ಮಂಡಿಯೂರಿ, "ಅಜ್ಜಿ, ಪಟ್ಟಿ ತೆಗೀಲ್ರೀ?" ಎಂದು ಕೇಳಿದಳು. ಕೇಳಿ, ಕಾದಳು.

ಆ ಕಾಯುವಷ್ಟು ಹೊತ್ತಿನಲ್ಲಿ ಯಮುನಕ್ಕ ತೋರುಬೆರಳಿನ ಆಸೆ ಮಾಡಿದಳು.

ಚಷ್ಮಾದಲ್ಲಿ ಸಾಲು ಮೆಲ್ಲಗೆ ಮೇಲಕ್ಕೆ ಸರಿಯಿತು.

ಕುಮುದಾ ಬೆಚ್ಚಿ ಕಿವಿಗೆ ಕೈ ಒತ್ತಿಕೊಂಡಳು. "ಸರ್! ಮುಟ್ಟಬ್ಯಾಡ್ರಿ! ಅಕಿ ಮಾತಾಡ್ಲಿಕ್ಕತ್ತಾಳ... ಚಹಾ ಬ್ಯಾಡ ಅಂತ... ಕಿಟಕಿ, ಕಿಟಕಿ ಹಾಕು ಅಂತಾಳ!" ಓಡಿ ಹೋಗಿ ಕಿಟಕಿ ಹಾಕಿದಳು. ಹಾಕಿ ಅಲ್ಲಿಂದಲೇ, "ದಿಂಬು! ದಿಂಬು ಒತ್ತತದಂತ, ಎಡಗಾಲಿಗೆ!" ಎಂದು ಮರಳಿ ಓಡಿ ಬಂದಳು.

ತಬಸ್ಸುಮ್‌ಳ ಪರದೆಯ ಮೇಲೆ ಅಕ್ಷರಗಳು ಗೋಡೆಯಂತೆ ಇಳಿಯುತ್ತಿದ್ದವು. "ಒಂದ ಸಾಲು ಸರ್. ನಾಕು ಸಾವಿರ ಅಕ್ಷರದ ಒಂದ ಸಾಲು!" ಎಂದು ಹಣೆಗೆ ಹೊಡೆದುಕೊಂಡಳು. "ಲ್ಯಾಬಿನ್ಯಾಗ ಗುರುತು ಎಡಕ್ಕ ಬಂದ್ರ ಸಾಕು, ಗುಮಾಸ್ತ ತಾನ ಹೊಸಾ ಸಾಲು ಅಂತ ತಿಳಕೊಂತಿದ್ದ. ಈ ಡಬ್ಬಿಗೆ ಆ ಸೆಟ್ಟಿಂಗ್ ಹಾಕೂದು ಮರತೆ. ಒಂದ ಒಂದು ಸೆಟ್ಟಿಂಗ್, ಅಜ್ಜಿ..." ಓದುತ್ತ ಹೋದವಳು ಒಂದು ಕಡೆ ಥಟ್ಟನೆ ನಿಂತಳು. ಯಮುನಕ್ಕನ ಮುಖ ನೋಡಿದಳು. ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಇಳಿಸಿದಳು.

ಯಮುನಕ್ಕನಿಗೆ ಗುಂಡಿಯ ಧ್ವನಿ ಕೇಳುತ್ತಿರಲಿಲ್ಲ. ಅದು ಎಲ್ಲಿಗೆ ಬಂದಿದೆ ಎಂಬುದನ್ನು ಕುಮುದಾಳ ಮುಖದಲ್ಲೇ ಓದಬೇಕಾಗಿತ್ತು. ಫಕೀರವ್ವನ ಸೀರೆಗೆ ನಕ್ಕಳು. ಪರದೆಗೆ ಎದ್ದಳು, ಎಳೆದಳು. ಬಿಸಿಲು ಆರಿತು. ಪರದೆಯ ಅಂಚನ್ನು ಹಿಡಿದುಕೊಂಡೇ ನಿಂತುಬಿಟ್ಟಳು.

"ಏನಂತಾರ್ರೀ?" ಎಂದರು ಡಾಕ್ಟರರು.

"ನಮ್ಮ ಮನಿ ಮಾತ್ರೀ ಸರ್," ಎಂದಳು ಕುಮುದಾ, ತಿರುಗದೆ.

ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆರೇಳು ನಿಮಿಷ ಹಾಗೆಯೇ ಕಂಡಿತು. ಮೂರು ದಿನದ 'ತಪ್ಪಾಯ್ತು' ಅಷ್ಟೂ ಆ ಬೆನ್ನಿಗೆ ಒಂದೊಂದಾಗಿ ತಲುಪುತ್ತಿತ್ತು. ಕೊನೆಗೆ ಅವಳು ಬಂದು ಮಂಚದ ಅಂಚಿನಲ್ಲಿ ಕುಳಿತಳು. ಮೂಗು ಕೆಂಪಾಗಿತ್ತು.

"ಮೂರಲ್ಲ ಅಕ್ಕಾ. ನಾಕು," ಎಂದಳು. "ನಾಕು ಸಲ ಮಾಡಿದ್ದಿ. ಮಂಟಪದಿಂದ ಹೊರಗ ಬಂದು ನೋಡಿದೆ. ಎರಡೂ ಐದರಿಂದ ಎರಡೂ ಇಪ್ಪತ್ತರ ತನಕಾ. ನಿದ್ದ್ಯಾಗ ಹೋದಾಂವಗೋಸ್ಕರ ಯಾರರ ನಾಕು ಸಲ ಫೋನ್ ಮಾಡ್ತಾರೇನು? ಅವತ್ತ ನನಗ ತಿಳದಿತ್ತು."

ಡಾಕ್ಟರರು ತಬಸ್ಸುಮ್‌ಗೆ ಕಣ್ಣಿನಲ್ಲೇ ಸನ್ನೆ ಮಾಡಿ, ಸದ್ದಾಗದಂತೆ ಪಡಸಾಲೆಗೆ ನಡೆದರು.

"ನೀ ಎಷ್ಟು ಕಷ್ಟಪಟ್ಟು ಹೇಳಿದಿ ಆ ಸುಳ್ಳನ್ನ. ಅದನ್ನ ನಾ ಹೆಂಗ ಮುರೀಲಿ? ನೀನ ಎಂದಾದ್ರೂ ಒಂದು ದಿನ ಹೇಳ್ತಿ ಅಂತ ಕಾದೆ. ಬಾಯಿ ಇದ್ದಾಗ ಹೇಳ್ಲಿಲ್ಲ ನೋಡು ನೀ, ಹಟಮಾರಿ." ಅವಳು ಯಮುನಕ್ಕನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಒಂದು ಕೇಳ್ತೀನಿ, ಖರೇ ಹೇಳು. ಕೂಗಿದಾ ಅಂದ್ಯಲ್ಲ... ಏನಂತ ಕೂಗಿದಾ? ಕುಮುದಾ ಅಂತಾನೋ, ಇಲ್ಲಾ..."

ಕಿವಿಯ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿದು ಕುಳಿತಳು.

ಯಮುನಕ್ಕ ಬೆರಳುಗಳನ್ನು ಕೂಡಿಸತೊಡಗಿದಳು. ಇಂಗ್ಲಿಷಿನಲ್ಲಿ ಐದೇ ಅಕ್ಷರ. ಹೊರಗೆ ಪಡಸಾಲೆಯಲ್ಲಿ ಡಾಕ್ಟರರು ಗದಗಕ್ಕೆ ಫೋನು ಮಾಡಿ ಎರಡು ಹೊಸ ಪಟ್ಟಿಗಳ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. ಕುಮುದಾ ಅಲ್ಲಾಡಲಿಲ್ಲ. ಒಂದು ನಿಮಿಷವಾಯಿತು. ಮೂರಾಯಿತು. ಐದಾಯಿತು. ಕೊನೆಗೆ ಯಮುನಕ್ಕ ಉಂಗುರಬೆರಳು, ಅದರ ಹಿಂದೆ ತೋರುಬೆರಳು, ಎರಡನ್ನೂ ಮರೆಯದೆ ಒತ್ತಿದಳು.

'ಕುಮ್ಮೀ.'

ಮನೆಯಲ್ಲಿ ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಅವರಿಗೆ ಕೇಳಿಸಿದ್ದು, ಅಡಿಗೆಮನೆಯಲ್ಲಿದ್ದವಳು ಗಂಡ ಕರೆದಾಗ ಓಗೊಡುವ ಹಾಗೆ, ಕುಮುದಾ ದನಿಯೆತ್ತಿ "ಓ" ಎಂದದ್ದಷ್ಟೇ.